ಅಲೆಯ ಮೇಲೆ ನಿಂತ ಆಂಟೆನಾ

1964ರ ಮಾರ್ಚ್ 28ರಂದು ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಫೆಲಿಕ್ಸ್‌ಸ್ಟೋ ಊರಿನಾಚೆ ಲಂಗರು ಹಾಕಿದ್ದ ಹಳೆಯ ಡ್ಯಾನಿಶ್ ಹಡಗೊಂದು ಹಾಡು ಬಿತ್ತರಿಸತೊಡಗಿತು. ಹಡಗು ನಿಂತದ್ದು ಮೂರು ನಾಟಿಕಲ್ ಮೈಲಿಯ ಗಡಿಯಿಂದ ಆಚೆ. ಪರವಾನಗಿಯಿಲ್ಲದ ಪ್ರಸಾರವನ್ನು ತಡೆಯುವ ಅಂದಿನ ಬ್ರಿಟಿಷ್ ಕಾನೂನು ಅಲ್ಲಿಗೆ ಮುಗಿಯುತ್ತಿತ್ತು. ರೊನಾನ್ ಓ'ರಹಿಲಿ ಎಂಬ ಐರಿಷ್ ಯುವಕ ಕಟ್ಟಿದ ಈ ರೇಡಿಯೊ ಕ್ಯಾರೊಲೈನ್ ಬಹಳ ಹೆಸರು ಮಾಡಿತು, ಆದರೆ ಮೊದಲನೆಯದೇನಲ್ಲ. ಡೆನ್ಮಾರ್ಕ್ ಬಳಿ ರೇಡಿಯೊ ಮರ್ಕ್ಯುರ್ 1958ರಲ್ಲೂ, ನೆದರ್ಲೆಂಡ್ಸ್ ಎದುರು ರೇಡಿಯೊ ವೆರೋನಿಕಾ 1960ರಲ್ಲೂ, ಸ್ವೀಡನ್ ಕಡೆ ರೇಡಿಯೊ ನೋರ್ಡ್ 1961ರಲ್ಲೂ ಹಡಗಿನಿಂದಲೇ ಪ್ರಸಾರ ಶುರು ಮಾಡಿದ್ದವು.

ಹಡಗೇ ಏಕೆ ಬೇಕಾಯಿತು? ನಮ್ಮಲ್ಲಿ 1952ರ ಹೊತ್ತಿಗೆ ಆಕಾಶವಾಣಿ ಸಿನಿಮಾ ಹಾಡುಗಳನ್ನು ದೂರವಿಟ್ಟಾಗ ಜನ ರೇಡಿಯೊ ಸಿಲೋನ್ ಕಡೆ ತಿರುಗಿದರು. ಶಾರ್ಟ್ ವೇವ್ ಆಕಾಶದ ಅಯಾನು ಪದರಕ್ಕೆ ತಾಗಿ ಮರಳುವುದರಿಂದ ಕೊಲಂಬೋದಲ್ಲಿ ಕುಳಿತೇ ಭಾರತವನ್ನೆಲ್ಲ ತಲುಪಬಹುದಿತ್ತು. ಬ್ರಿಟನ್ನಿನಲ್ಲಿ ಜನ ಕೇಳುತ್ತಿದ್ದದ್ದು ಹೆಚ್ಚಾಗಿ ಮೀಡಿಯಂ ವೇವ್. ಅದರ ಆಕಾಶ ತರಂಗವನ್ನು ಹಗಲಿನಲ್ಲಿ ಅಯಾನುಗೋಳದ ಕೆಳಪದರವೇ ನುಂಗಿಬಿಡುತ್ತದೆ. ರೇಡಿಯೊ ಲಕ್ಸೆಂಬರ್ಗ್‌ನ ಇಂಗ್ಲಿಷ್ ಹಾಡುಗಳು ಅಲ್ಲಿ ಕತ್ತಲಾದ ಮೇಲಷ್ಟೇ ಚೆನ್ನಾಗಿ ಸಿಗುತ್ತಿದ್ದದ್ದು ಇದೇ ಕಾರಣಕ್ಕೆ. ಹಗಲಿಡೀ ಕೇಳಿಸಬೇಕೆಂದರೆ ನೆಲಕ್ಕೆ ಅಂಟಿಕೊಂಡು ಸಾಗುವ ತರಂಗವೇ ಗತಿ, ಅದಕ್ಕೆ ಕೇಳುಗರ ಹತ್ತಿರ ಹೋಗಲೇಬೇಕು.

ಇಲ್ಲಿ ಕಡಲು ದೊಡ್ಡ ಉಪಕಾರ ಮಾಡುತ್ತದೆ. ನೆಲದ ಮೇಲಿನ ಮೀಡಿಯಂ ವೇವ್ ಕೇಂದ್ರದಲ್ಲಿ ಕಂಬದ ಬುಡದಿಂದ ಸುತ್ತಲೂ ನೂರಕ್ಕೂ ಹೆಚ್ಚು ತಾಮ್ರದ ತಂತಿಗಳನ್ನು ಹೂಳುವುದು ರೂಢಿ, ಮಣ್ಣು ಅಷ್ಟು ಕೆಟ್ಟ ವಾಹಕ. ಉಪ್ಪುನೀರು ಸಾಮಾನ್ಯ ಹೊಲದ ಮಣ್ಣಿಗಿಂತ ನೂರಾರು ಪಟ್ಟು ಉತ್ತಮ ವಾಹಕ. ನೀರಲ್ಲಿ ಮುಳುಗಿದ ಉಕ್ಕಿನ ಒಡಲೇ ಅರ್ತ್ ಆಗುತ್ತದೆ, ತರಂಗವೂ ನೀರಿನ ಮೇಲೆ ಕಡಿಮೆ ನಷ್ಟದಲ್ಲಿ ಓಡುತ್ತದೆ. ಕ್ಯಾರೊಲೈನ್ ಬಳಿ ಇದ್ದದ್ದು 10 ಕಿಲೋವ್ಯಾಟಿನ ಎರಡು ಟ್ರಾನ್ಸ್‌ಮಿಟರ್‌ಗಳು ಮಾತ್ರ.

ಕಷ್ಟವೆಲ್ಲ ಎತ್ತರದ್ದು. ಆಂಟೆನಾ ತರಂಗಾಂತರದ ಕಾಲು ಭಾಗದಷ್ಟು ಎತ್ತರವಿದ್ದರೆ ಒಳ್ಳೆಯದು. ಕ್ಯಾರೊಲೈನ್‌ನ ಆವರ್ತನ ಸುಮಾರು 1520 ಕಿಲೋಹರ್ಟ್ಸ್, ತರಂಗಾಂತರ 197 ಮೀಟರ್, ಕಾಲು ಭಾಗ 49 ಮೀಟರ್. ಹಡಗಿನ ಕಂಬ 165 ಅಡಿ, ಅಂದರೆ 50 ಮೀಟರ್. ಲೆಕ್ಕ ಸರಿಹೋಯಿತು. ಆದರೆ 558 ಕಿಲೋಹರ್ಟ್ಸ್ ಬೇಕೆಂದರೆ ಕಂಬ 134 ಮೀಟರ್ ಆಗಬೇಕು! ಗಿಡ್ಡ ಕಂಬಕ್ಕೆ ಬುಡದಲ್ಲಿ ಕಾಯಿಲ್ ಸೇರಿಸಿ ಹೊಂದಿಸಬಹುದು. ಆಗ ಆಂಟೆನಾದ ವಿಕಿರಣ ರೋಧ (ಶಕ್ತಿಯನ್ನು ತರಂಗವಾಗಿ ಹೊರಸೂಸುವ ಸಾಮರ್ಥ್ಯದ ಅಳತೆ) ಕುಸಿಯುತ್ತದೆ, ಕಾಯಿಲಿನಲ್ಲೇ ಶಕ್ತಿ ಬಿಸಿಯಾಗಿ ಪೋಲಾಗುತ್ತದೆ, ಬುಡದಲ್ಲಿ ವೋಲ್ಟೇಜ್ ವಿಪರೀತ ಏರುತ್ತದೆ. ಇನ್ಸುಲೇಟರ್‌ಗಳ ಮೇಲೆ ಉಪ್ಪು ಕೂತಿದ್ದರಂತೂ ಕಿಡಿ ಹಾರಿ ಟ್ರಾನ್ಸ್‌ಮಿಟರ್ ಟ್ರಿಪ್ ಆಗುತ್ತದೆ. ಜೋರು ಮಳೆ ಬಂದರೆ ಉಪ್ಪು ತೊಳೆದು ಹೋಗುತ್ತದೆ. ಮಳೆಯಿಲ್ಲದೆ ಬರೀ ಗಾಳಿ ಬೀಸಿ ತುಂತುರು ಎರಚುವ ದಿನಗಳೇ ಕೆಟ್ಟವು, ಆಗ ಸಿಹಿನೀರಿನಲ್ಲಿ ಒರೆಸದೆ ಬೇರೆ ದಾರಿಯಿಲ್ಲ.

ಕಂಬದ ಬದಲು ಬಲೂನಿನಿಂದ ತಂತಿ ಎತ್ತಿದರಾಗದೇ? ಅಮೆರಿಕ ಸರ್ಕಾರವೇ ಮಾಡಿ ನೋಡಿತು. 1952ರಲ್ಲಿ ಗ್ರೀಸಿನ ರೋಡ್ಸ್ ದ್ವೀಪಕ್ಕೆ ಹೋದ ವಾಯ್ಸ್ ಆಫ್ ಅಮೆರಿಕದ 'ಕೂರಿಯರ್' ಹಡಗಿನಲ್ಲಿ 150 ಕಿಲೋವ್ಯಾಟಿನ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್ ಇತ್ತು, ಆಂಟೆನಾ ತಂತಿಗೆ ಬಲೂನು. ಕೊನೆಗೆ ಬಲೂನು ಬಿಟ್ಟು ಸ್ಥಿರ ಆಂಟೆನಾಕ್ಕೆ ಬರಬೇಕಾಯಿತು. 1984ರಲ್ಲಿ ಲೇಸರ್ 558 ಕೇಂದ್ರದವರು 'ಕಮ್ಯುನಿಕೇಟರ್' ಹಡಗಿನಲ್ಲಿ ಅದೇ ಪ್ರಯೋಗಕ್ಕೆ ಇಳಿದು, ಬಲೂನುಗಳನ್ನು ಗಾಳಿಗೆ ಕಳೆದುಕೊಂಡು, ಎರಡು ಕಂಬಗಳ ನಡುವೆ ತಂತಿ ಕಟ್ಟಿದರು. ಗಾಳಿಗೆ ಬಲೂನು ವಾಲಿದಷ್ಟೂ ತಂತಿ ನೀರಿನ ಹತ್ತಿರ ಬರುತ್ತದೆ, ಅದರ ವಿದ್ಯುತ್ ಧಾರಣೆ (ಕೆಪಾಸಿಟೆನ್ಸ್) ಬದಲಾಗುತ್ತದೆ, ಟ್ಯೂನಿಂಗ್ ತಪ್ಪುತ್ತದೆ. ಇದನ್ನು ಮೂವತ್ತು ವರ್ಷದ ಹಿಂದಿನ ಅನುಭವದಿಂದಲೇ ತಿಳಿಯಬಹುದಿತ್ತು.

ಕಂಬದ ಹುಚ್ಚು ಮಿತಿ ಮೀರಿದ್ದು 'ರಾಸ್ ರಿವೆಂಜ್'ನಲ್ಲಿ. 1960ರಲ್ಲಿ ಜರ್ಮನಿಯಲ್ಲಿ ಕಟ್ಟಿದ ಈ ಮೀನುಗಾರಿಕೆ ಹಡಗಿಗೆ ಸ್ಪೇನಿನ ಸಾಂತಾಂದೆರ್‌ನಲ್ಲಿ 300 ಅಡಿಯ ಕಂಬ ನಿಲ್ಲಿಸಿದರು. ತಲೆಭಾರ ಸರಿದೂಗಿಸಲು ಒಡಲಲ್ಲಿ ಸುಮಾರು 300 ಟನ್ ಕಾಂಕ್ರೀಟ್. 1983ರ ಆಗಸ್ಟಿನಲ್ಲಿ ಕ್ಯಾರೊಲೈನ್ ಇದರಿಂದ ಮತ್ತೆ ಮಾತಾಡಿತು. 1987ರ ಅಕ್ಟೋಬರ್ ಬಿರುಗಾಳಿಯನ್ನು ಕಂಬ ತಡೆದುಕೊಂಡಿತಾದರೂ ನವೆಂಬರ್ 25ರಂದು ಉರುಳಿತು. ಆಗ ಸಮಸ್ಯೆ ತಿರುಗುಮುರುಗು: ಮೇಲಿನ ಭಾರ ಹೋಗಿ ಕೆಳಗಿನದು ಉಳಿದರೆ ಹಡಗು ನಿಧಾನವಾಗಿ ತೂಗುವ ಬದಲು ರಪ್ಪನೆ ಜರ್ಕು ಹೊಡೆಯುತ್ತದೆ.

ಕಂಬದಷ್ಟು ಚೆಂದ ಕಾಣದಿದ್ದರೂ ಹಡಗಿನ ಪ್ರಾಣ ಇರುವುದು ಸರಪಳಿಯಲ್ಲಿ. ಆಳದ ಹಲವು ಪಟ್ಟು ಉದ್ದ ಬಿಡಬೇಕು. ಆಗಲೇ ಸರಪಳಿ ತಳದಲ್ಲಿ ಮಲಗಿ, ಲಂಗರನ್ನು ಮೇಲಕ್ಕೆ ಕೀಳದೆ ಅಡ್ಡಲಾಗಿ ಎಳೆಯುತ್ತದೆ. ಉಬ್ಬರ-ಇಳಿತದ ಜೊತೆ ಹಡಗು ದಿನವೂ ಸುತ್ತು ತಿರುಗುವುದರಿಂದ ನಡುವೆ ಸ್ವಿವೆಲ್ ಎಂಬ ತಿರುಗುವ ಕೊಂಡಿ ಬೇಕು, ಅದು ತುಕ್ಕು ಹಿಡಿದರೆ ಸರಪಳಿ ಜಡೆಯಂತೆ ಹೆಣೆದುಕೊಳ್ಳುತ್ತದೆ. ಸಾಮಾನ್ಯ ಹಡಗು ಬಂದರಿಗೆ ಹೋಗಿ ಇದನ್ನೆಲ್ಲ ಬದಲಿಸಿಕೊಳ್ಳುತ್ತದೆ. ಈ ರೇಡಿಯೊ ಹಡಗುಗಳು ಹೋದರೆ ಜಪ್ತಿ. ಹಿಂದೆ ರೇಡಿಯೊ ನೋರ್ಡ್‌ಗೆ ದುಡಿದು ಕ್ಯಾರೊಲೈನ್‌ಗೆ ಬಂದಿದ್ದ, 1921ರ 'ಮಿ ಅಮಿಗೋ' 1966ರ ಜನವರಿಯಲ್ಲಿ ಫ್ರಿಂಟನ್ ದಂಡೆಗೆ ಬಡಿದು ಬದುಕಿಕೊಂಡಿತು. 1980ರ ಮಾರ್ಚಿನಲ್ಲಿ ಸರಪಳಿ ಹರಿದು ಲಾಂಗ್ ಸ್ಯಾಂಡ್ ಮರಳದಿಬ್ಬಕ್ಕೆ ಕುಟ್ಟಿದಾಗ ಪಂಪುಗಳು ಸೋತವು. ಒಳಗಿದ್ದವರನ್ನು ಜೀವರಕ್ಷಕ ದೋಣಿ ಪಾರುಮಾಡಿತು. ಹಡಗು ಮುಳುಗಿದರೂ ಕಂಬ ಮಾತ್ರ ಸುಮಾರು ಆರು ವರ್ಷ ನೀರಿನ ಮೇಲೆ ನಿಂತಿತ್ತು.

ಕಾನೂನು ಕಡಲಿಗೆ ಹೋಗಿ ಹಡಗು ಹಿಡಿಯುವ ಗೋಜಿಗೆ ಹೋಗಲಿಲ್ಲ, ಡೀಸೆಲ್ಲಿಗೆ ಕೈ ಹಾಕಿತು. 1967ರ ಆಗಸ್ಟ್ 14ರ ಮಧ್ಯರಾತ್ರಿಯಿಂದ ಇಂಥ ಹಡಗುಗಳಿಗೆ ಬ್ರಿಟನ್ನಿನಿಂದ ಸಾಮಾನು ಒಯ್ಯುವುದು, ಜಾಹೀರಾತು ಕೊಡುವುದು, ಬ್ರಿಟಿಷರು ಅಲ್ಲಿ ದುಡಿಯುವುದು ಅಪರಾಧವಾಯಿತು. ಜನರೇಟರ್ ಹಗಲುರಾತ್ರಿ ಓಡಬೇಕಾದಲ್ಲಿ ಈ ಹೊಡೆತ ಗುರಿತಪ್ಪದು. ಇಂಥದೇ ಇನ್ನೊಂದು ಹಡಗಿನ ಕೇಂದ್ರ, 50 ಕಿಲೋವ್ಯಾಟಿನ ರೇಡಿಯೊ ಲಂಡನ್, ಅಂದೇ ಮಧ್ಯಾಹ್ನ ಮೂರಕ್ಕೆ ಮುಚ್ಚಿತು. ಕ್ಯಾರೊಲೈನ್ ಹಟ ಹಿಡಿಯಿತು, ಆದರೆ 1968ರ ಮಾರ್ಚಿನಲ್ಲಿ ಸರಕು ಪೂರೈಸುತ್ತಿದ್ದ ಡಚ್ ಕಂಪನಿಯೇ ಬಾಕಿ ಹಣಕ್ಕಾಗಿ ಅದರ ಎರಡೂ ಹಡಗುಗಳನ್ನು, ಮೊದಲಿನ ಡ್ಯಾನಿಶ್ ಹಡಗನ್ನೂ ಮಿ ಅಮಿಗೋವನ್ನೂ, ಎಳೆದುಕೊಂಡು ಹೋಯಿತು. ನೆದರ್ಲೆಂಡ್ಸ್ ಇದೇ ಬಗೆಯ ಕಾನೂನು ತಂದದ್ದು 1974ರಲ್ಲಿ.

ರಾಸ್ ರಿವೆಂಜ್ 1991ರ ನವೆಂಬರಿನಲ್ಲಿ ಗುಡ್‌ವಿನ್ ಸ್ಯಾಂಡ್ಸ್ ಮೇಲೆ ಸಿಕ್ಕಿಬಿದ್ದು, ಪಾರಾಗಿ, ಈಗ ಎಸೆಕ್ಸ್‌ನ ಬ್ಲ್ಯಾಕ್‌ವಾಟರ್ ನದಿಯಲ್ಲಿ ನಿಂತಿದೆ. ಕ್ಯಾರೊಲೈನ್‌ಗೆ 2017ರಲ್ಲಿ ಪರವಾನಗಿ ಸಹಿತ 648 ಕಿಲೋಹರ್ಟ್ಸ್ ಸಿಕ್ಕಿತು. ಪ್ರಸಾರದ ಕಂಬ ಇರುವುದು ಆರ್ಫರ್ಡ್‌ನೆಸ್‌ನಲ್ಲಿ, ಹಿಂದೆ ಬಿಬಿಸಿ ವರ್ಲ್ಡ್ ಸರ್ವಿಸ್ ಬಳಸುತ್ತಿದ್ದ ತಾಣದಲ್ಲಿ, ಗಟ್ಟಿ ನೆಲದ ಮೇಲೆ.