ಆಗಸ್ಟ್ 15ಕ್ಕೆ ಬಾವುಟ ಕೆಳಗಿಂದಾನೇ ಏರ್ಬೇಕು

ನಾನು ಹೈಸ್ಕೂಲ್ ಪಿಟಿ ಮೇಷ್ಟ್ರು. ಆಗಸ್ಟ್ ಬಂತು ಅಂದ್ರೆ ಅಕ್ಕಪಕ್ಕದ ಶಾಲೆಯವ್ರು ಫೋನ್ ಮಾಡಿ ಕೇಳೋದು ಹೆಚ್ಚುಕಮ್ಮಿ ಒಂದೇ, "ಸಾರ್, ಬಾವುಟ ಮಡಚಿ ಮೇಲೆ ಕಟ್ಟಿಟ್ಟಿದೀವಿ, ಒಳಗೆ ಹೂ ಎಷ್ಟು ಹಾಕೋಣ?" ಅಂತ. ಮೇಲೆ ಕಟ್ಟಿಡೋದು ಜನವರಿ 26ರ ಪದ್ಧತಿ ಕಣ್ರೀ. ಅವತ್ತು ರಾಷ್ಟ್ರಪತಿಗಳು ಕಟ್ಟಿದ ಬಾವುಟನ ಬಿಚ್ಚಿ ಅರಳಿಸ್ತಾರೆ, ಯಾಕಂದ್ರೆ 1950ರ ಹೊತ್ತಿಗೆ ದೇಶ ಆಗ್ಲೇ ಸ್ವತಂತ್ರ ಆಗಿತ್ತು. ಆಗಸ್ಟ್ 15ಕ್ಕೆ ಹಂಗಲ್ಲ, ಪ್ರಧಾನಿ ಕೆಂಪುಕೋಟೆ ಮೇಲೆ ಕೆಳಗಿಂದ ಏರಿಸ್ತಾರೆ, ಪರರ ಬಾವುಟ ಇಳಿದು ನಮ್ದು ಏರಿತಲ್ಲ ಅದರ ನೆನಪು ಅದು. ಅಂದಹಾಗೆ ನೆಹರೂ ಕೆಂಪುಕೋಟೆ ಮೇಲೆ ಮೊದಲ ಸಲ ಏರಿಸಿದ್ದು 1947ರ ಆಗಸ್ಟ್ 16ಕ್ಕೆ.

ನನಗೆ ಇದೆಲ್ಲ ಕಲಿಸಿದ್ದು ಸೇವಾದಳದ ಶಿಬಿರ, ಶಿಸ್ತು ಕಲಿಸೋ ಸ್ವಯಂಸೇವಕರ ಸಂಘಟನೆ ಅದು. 1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹಕ್ಕೆ ಹೋಗಿದ್ದ ಹುಬ್ಬಳ್ಳಿ ಹುಡುಗ್ರು ಜೈಲಿನಲ್ಲಿ ಕ್ಷಮೆ ಕೇಳಲ್ಲ ಅಂತ ಗಟ್ಟಿಯಾಗಿ ನಿಂತ್ರು, ಆ ಶಿಸ್ತಿನಿಂದಾನೇ ಡಾ. ನಾ.ಸು. ಹರ್ಡೀಕರರ ಸೇವಾದಳ ಬೆಳೀತು. ಹಗ್ಗ ಹಿಡಿಯೋದನ್ನೂ ಪಾಠ ಅಂತ ಕಲಿಸೋ ಜನ ಅವರು.

ಹಿಂದಿನ ದಿನಾನೇ ರಾಟೆಗೆ ಎಣ್ಣೆ ಬಿಟ್ಟು ಎರಡು ಸಲ ಎಳೆದು ನೋಡಿ. ಕೇಸರಿ ಮೇಲಿದೆಯಾ ಅಂತ ಒಬ್ಬರಲ್ಲ, ಇಬ್ಬರು ನೋಡ್ಬೇಕು. ಏರಿಸೋವಾಗ ಚುರುಕಾಗಿ, ಇಳಿಸೋವಾಗ ನಿಧಾನವಾಗಿ ಗೌರವದಿಂದ, ಧ್ವಜ ಸಂಹಿತೆಯಲ್ಲೂ ಹಿಂಗೇ ಇದೆ. ಅಳತೆ ಯಾವುದಾದ್ರೂ ಉದ್ದ-ಅಗಲ 3:2 ಇರ್ಬೇಕು, ಚಕ್ರಕ್ಕೆ 24 ಅರೆ, ಅಂದ್ರೆ ಕಡ್ಡಿ. 2021ರ ಕೊನೆಗೆ ತಿದ್ದುಪಡಿ ಆದ್ಮೇಲೆ ಪಾಲಿಸ್ಟರ್ ಬಾವುಟನೂ ನಡೆಯುತ್ತೆ, ಆದ್ರೆ ಹುಬ್ಬಳ್ಳಿ ಬೆಂಗೇರಿಯಲ್ಲಿ ಹೆಣ್ಮಕ್ಕಳು ಹೊಲಿಯೋ ಖಾದಿ ಬಾವುಟ ನಮ್ಮ ನೆಲದಲ್ಲೇ ಸಿಗ್ತಿರೋವಾಗ ಶಾಲೆಗೆ ಅದನ್ನೇ ತರ್ಬೇಕು ಅಂತ ನಾನು ಹಟ ಹಿಡೀತೀನಿ.

ಇಷ್ಟೊಂದು ಯಾಕೆ ಸಾರ್ ಅಂತ ಮಕ್ಕಳು ಕೇಳ್ತಾರೆ, ಕೇಳ್ಬೇಕು ಕೂಡ. ಆಗ ನಾನು 1938ರ ಏಪ್ರಿಲ್ ತಿಂಗಳ ಕಥೆ ಹೇಳ್ತೀನಿ. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಂಗಿಲ್ಲ ಅಂತ ನಿಷೇಧ ಇತ್ತು, ಆ ಬಾವುಟದ ಮಧ್ಯ ಚರಕ ಇತ್ತು, ಈಗಿನ ಚಕ್ರ ಬಂದದ್ದು 1947ರ ಜುಲೈ 22ಕ್ಕೆ. ನಿಷೇಧ ಮುರಿದು ಮದ್ದೂರಿನ ಹತ್ರ ಶಿವಪುರದಲ್ಲಿ ಬಾವುಟ ಏರಿಸಿದ್ರು, ಅದಾಗಿ ಎರಡೇ ವಾರಕ್ಕೆ, 25ನೇ ತಾರೀಕು, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸ್ರು ಗುಂಡು ಹಾರಿಸಿದ್ರು, ಎಷ್ಟೋ ಮನೆಯವರು ಜಾತ್ರೆಗೆ ಅಂತ ಹೋದವರು ವಾಪಸ್ ಬರ್ಲಿಲ್ಲ. ಆಮೇಲೇ ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟನೂ ಹಾರಿಸ್ಬಹುದು ಅಂತ ಸರ್ಕಾರ ಒಪ್ಪಿದ್ದು. ಇದನ್ನ ಕೇಳಿದ ಮೇಲೆ ಹಗ್ಗ ಹಿಡಿಯೋ ಹುಡುಗನ ಕೈ ತಾನಾಗೇ ಹುಷಾರಾಗುತ್ತೆ, ನಾನು ಕಣ್ಣಾರೆ ನೋಡಿದೀನಿ.

ಸಂಜೆ ಬಾವುಟ ಇಳಿಸಿದ ಮೇಲೆ ಕೇಸರಿ, ಹಸಿರು ಎರಡನ್ನೂ ಬಿಳಿ ಪಟ್ಟಿಯ ಕೆಳಗೆ ಮಡಚಿ, ಚಕ್ರ ಮೇಲೆ ಕಾಣೋ ಹಂಗೆ ಮಾಡಿ, ಎರಡೂ ಅಂಗೈ ಮೇಲಿಟ್ಕೊಂಡು ಆಫೀಸ್ ರೂಮಿಗೆ ತಗೊಂಡು ಹೋಗ್ಬೇಕು. ಆ ಕೆಲಸ ನಮ್ಮಲ್ಲಿ ಏಳನೇ ಕ್ಲಾಸಿನ ಮಕ್ಕಳಿಗೆ.