ಮನಸ್ಸಿಗೂ ಒಂದು ಸಸಿಮಡಿ ಬೇಕು

ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಪ್ಪನ ಹಿತ್ತಲಲ್ಲಿ ಪಪ್ಪಾಯಿ ಮರದಲ್ಲೇ ಹಣ್ಣಾಗಿ, ಹಕ್ಕಿ ತಿಂದು ಉಳಿದದ್ದು ಕೊಳೆತು ಬೀಳುತ್ತದೆ. ಚಕ್ಕೋತ ಉರುಳಿ ತೋಟದ ಕಾಲುವೆ ಸೇರುತ್ತದೆ. ಅವರಿಗೆ ಬಿಪಿ ಇದೆ, ಹಣ್ಣು ತರಕಾರಿ ಜಾಸ್ತಿ ಮಾಡಿ ಎಂದು ವೈದ್ಯರೂ ಹೇಳಿದ್ದಾರೆ. ಕೇಳಿದರೆ, "ತಿನ್ನಬಾರ್ದು ಅಂತೇನಿಲ್ಲ ಮಾರಾಯ. ಕೊಯ್ದು, ಸಿಪ್ಪೆ ತೆಗೆದು, ಹೆಚ್ಚಿಕೊಂಡು ಕೂರೋರು ಯಾರು?" ಎನ್ನುತ್ತಾರೆ.

ಇದನ್ನು ಸೋಮಾರಿತನ ಅನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಎರಡು ವರ್ಷದ ಹಿಂದೆ ಇದೇ ಚಿಕ್ಕಪ್ಪ "ಹಣ್ಣು ಥಂಡಿ, ಮಳೆಗಾಲದಲ್ಲಿ ಕಫ ಕಟ್ಟುತ್ತೆ" ಎಂದು ಬಾಗಿಲು ಹಾಕಿಬಿಡುತ್ತಿದ್ದರು. ಈಗ ಥಂಡಿಯ ಮಾತಿಲ್ಲ, ಹೆಚ್ಚುವವರು ಯಾರು ಎಂಬ ಪ್ರಶ್ನೆಯಿದೆ. ತಟ್ಟೆಯಲ್ಲಿ ಏನೂ ಬದಲಾಗಿಲ್ಲ ನಿಜ, ಆದರೆ ಮನಸ್ಸು ಒಂದು ಗದ್ದೆಯಷ್ಟು ಮುಂದೆ ಬಂದಿದೆ.

1983ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಜೇಮ್ಸ್ ಪ್ರೊಚಾಸ್ಕಾ ಮತ್ತು ಕಾರ್ಲೊ ಡಿಕ್ಲೆಮೆಂಟೆ ತಾವಾಗಿಯೇ ಸಿಗರೇಟು ಬಿಡುವವರನ್ನು ಗಮನಿಸಿ ಬರೆದದ್ದು ಇದನ್ನೇ. ಮುಂದೆ ಆ ಲೆಕ್ಕ ಆಹಾರಕ್ಕೂ ಬಂತು. ಯೋಚನೆಯೇ ಇಲ್ಲದ ಘಟ್ಟ, ಆರು ತಿಂಗಳೊಳಗೆ ಮಾಡೋಣ ಅನ್ನುವ ಘಟ್ಟ, 30 ದಿನದೊಳಗೆ ಎಂದು ತಯಾರಾಗುವ ಘಟ್ಟ, ಶುರು ಮಾಡಿದ ಘಟ್ಟ, ಆರು ತಿಂಗಳು ದಾಟಿ ಉಳಿಸಿಕೊಂಡ ಘಟ್ಟ. ಈ ಗಡುವುಗಳು ತೀರಾ ಕೃತಕ ಎಂಬ ಟೀಕೆ ಇದೆ, ಅದು ಸರಿಯೇ. ಆದರೆ ತಟ್ಟೆ ಬದಲಾಗುವ ಮೊದಲು ಮನಸ್ಸು ಘಟ್ಟ ಘಟ್ಟವಾಗಿ ತಯಾರಾಗುತ್ತದೆ ಎಂಬ ಮೂಲ ಮಾತು ಗಟ್ಟಿ.

ಹೂಟಿ ಮಾಡದ ಗದ್ದೆಯಲ್ಲಿ ಯಾರೂ ನಟ್ಟಿ ಮಾಡುವುದಿಲ್ಲ. ಹಾಗೆಯೇ ಅಗೆ ಹಾಕಿದ ಮಡಿಗೆ ಯಾರೂ ಮತ್ತೆ ನೇಗಿಲು ಇಳಿಸುವುದಿಲ್ಲ. ತಿನ್ನಲು ಮನಸ್ಸಾಗಿರುವವನಿಗೆ ಮತ್ತೆ ಮತ್ತೆ ವಿಟಮಿನ್ನು, ನಾರು ಎಂದು ಪಾಠ ಹೇಳುವುದು ಮಡಿಯನ್ನೇ ಉತ್ತಂತೆ. ಅಪ್ಪೆಮಿಡಿಯನ್ನೇ ನೋಡಿ. ಉಪ್ಪಿನಲ್ಲಿ ವಾರಗಟ್ಟಲೆ ಕೂತು ಚಿರುಟಿದ ಮೇಲೆ ಮಸಾಲೆ. ಅವಸರಪಟ್ಟು ಮೊದಲ ದಿನವೇ ಸಾಸಿವೆ ಅರೆದು ಹಾಕಿದರೆ ಜಾಡಿಯೇ ಹಾಳು. ಹೊರಗಿನಿಂದ ನೋಡಿದರೆ ಜಾಡಿಯೊಳಗೆ ಏನೂ ನಡೆಯುತ್ತಿಲ್ಲ ಅನ್ನಿಸುವ ದಿನಗಳಲ್ಲೇ ನಡೆಯಬೇಕಾದ್ದೆಲ್ಲ ನಡೆಯುತ್ತಿರುತ್ತದೆ.

ಇಡೀ ಸಮಾಜವೂ ಹೀಗೆ ನಿಧಾನವಾಗಿಯೇ ತಯಾರಾಗಿದೆ. ಮಲೆನಾಡಿನ ಹಿತ್ತಲ ಚಪ್ಪರದಲ್ಲಿ ಜೋತಾಡುವ ಸೀಮೆಬದನೆ ಹುಟ್ಟಿದ್ದು ಮೆಕ್ಸಿಕೊ ಕಡೆ. ಸೀಮೆಎಣ್ಣೆ, ಸೀಮೆಸುಣ್ಣದಲ್ಲಿರುವ ಅದೇ 'ಸೀಮೆ', ಹೊರಗಿನಿಂದ ಬಂದದ್ದು ಎಂಬ ಗುರುತು. ಪಪ್ಪಾಯಿಗೆ ಪರಂಗಿ, ಅಂದರೆ ಪರದೇಶದ್ದು, ಎಂಬ ಹೆಸರಿದೆ. ಪೋರ್ಚುಗೀಸರ ಜೊತೆ ಬಂದ ಮೆಣಸಿನಕಾಯಿ ಇಂದು ನಮ್ಮ ಸಾರಿನ ಜೀವ. ಆದರೂ ಎಷ್ಟೋ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಕಾಳುಮೆಣಸೇ ಆಗಬೇಕು, ಟೊಮೆಟೊ ಒಳಗೆ ಬರುವಂತಿಲ್ಲ. ನಾನೂರು ವರ್ಷ ದಾಟಿದರೂ ಆ ಒಂದು ಎಲೆಯ ಮಟ್ಟಿಗೆ ಮನಸ್ಸಿನ್ನೂ ಪೂರ್ತಿ ತೆರೆದಿಲ್ಲ!

ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಆಲೂಗಡ್ಡೆ ಆ ಲೆಕ್ಕಕ್ಕಿಲ್ಲ. ಅನ್ನದ ಗುಡ್ಡೆಯ ಪಕ್ಕ ಎರಡು ಚಮಚ ಪಲ್ಯ ಬಡಿಸುವ ನಮಗೆ ಅದು ದೊಡ್ಡ ಜಿಗಿತ. ತಯಾರಾದವನಿಗೆ ಬೇಕಾದದ್ದು ಒಂದು ಕೊಕ್ಕೆ. ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಜರ್ ತೋರಿಸಿದ್ದು ಇದನ್ನೇ: 'ಇನ್ನು ಮೇಲೆ ಹಣ್ಣು ತಿನ್ನುತ್ತೇನೆ' ಎಂಬ ಸಂಕಲ್ಪಕ್ಕಿಂತ 'ಇಂಥದ್ದು ಆದ ಕೂಡಲೇ ಇದನ್ನು ಮಾಡುತ್ತೇನೆ' ಎಂಬ ಗೊತ್ತುವಳಿ ಗಟ್ಟಿ. ದಿನವೂ ಹೇಗೂ ಆಗುವ ಒಂದು ಕೆಲಸಕ್ಕೆ ಹೊಸದನ್ನು ಸಿಕ್ಕಿಸಿಬಿಟ್ಟರೆ ನೆನಪಿಡುವ ಹೊರೆ ತಪ್ಪುತ್ತದೆ.

21 ದಿನದಲ್ಲಿ ಅಭ್ಯಾಸ ಆಗಿಬಿಡುತ್ತದೆ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಊಟದ ಜೊತೆ ಒಂದು ಹಣ್ಣು ಎಂಬಂಥ ಸಣ್ಣ ರೂಢಿಗಳನ್ನು ಲಂಡನ್ನಿನಲ್ಲಿ 96 ಜನರ ಮೇಲೆ ಗಮನಿಸಿದಾಗ ಕೆಲವರಿಗೆ 18 ದಿನ, ಕೆಲವರಿಗೆ 254 ದಿನ ಎಂಬ ಅಂದಾಜು ಬಂತು. ನಡುವಿನ ಅಂಕಿ 66. ಒಂದು ದಿನ ತಪ್ಪಿದರೆ ಕಟ್ಟಿದ್ದೇನೂ ಬಿದ್ದುಹೋಗಲಿಲ್ಲ.

ಚಿಕ್ಕಪ್ಪನ ಮನೆಗೆ ಪೇಪರ್ ಬರುವುದು ಹತ್ತು ಗಂಟೆ ಬಸ್ಸಿಗೆ. ಚಿಕ್ಕಮ್ಮ ಈಗ ಜಗಲಿಯ ಮೇಲೆ ಒಂದು ಪಪ್ಪಾಯಿ, ಚೂರಿ, ಸ್ಟೀಲಿನ ತಟ್ಟೆ ಇಟ್ಟಿರುತ್ತಾರೆ. ಮೊದಲ ವಾರ ಎರಡು ದಿನ ಬಸ್ಸೇ ಬರಲಿಲ್ಲ, ಹಣ್ಣೂ ಕೊಯ್ಯಲಿಲ್ಲ. ಮೂರನೇ ದಿನ ಪೇಪರಿನ ಮಡಿಕೆ ಬಿಚ್ಚುವ ಮೊದಲೇ ಚಿಕ್ಕಪ್ಪ ಚೂರಿ ಎತ್ತಿಕೊಂಡರು. ಕಪ್ಪು ಬೀಜಗಳನ್ನು ಹಿಂದಿನ ದಿನದ ಪೇಪರಿನ ಮೇಲೆ ಕೆರೆದು ಹಾಕಿ, ಮೊದಲ ಹೋಳನ್ನು ನನ್ನ ಕೈಗಿಟ್ಟರು.