ಎವೊ ಅಥವಾ ಸುಬಾರು: ಅಶ್ವಶಕ್ತಿಯ ಲೆಕ್ಕ ಬದಿಗಿಟ್ಟು ನೋಡಿದರೆ

ಮೈಸೂರು, ಮಂಡ್ಯ ಭಾಗದಿಂದ ರ‍್ಯಾಲಿಗೆ ಇಳಿದವರಲ್ಲಿ ಹೆಚ್ಚಿನವರು ಜಿಪ್ಸಿಯಲ್ಲೋ ಎಸ್ಟೀಮ್‌ನಲ್ಲೋ, ಈಚೆಗೆ ಪೋಲೊದಲ್ಲೋ ಕೈ ಪಳಗಿಸಿಕೊಂಡವರು. ಅಲ್ಲಿಂದ ಒಂದು ಮೆಟ್ಟಿಲು ಮೇಲೇರಬೇಕೆಂದು ಹಣ ಹೊಂದಿಸಿಕೊಂಡು ಬರುವವರು ಕೇಳುವ ಮೊದಲ ಪ್ರಶ್ನೆ, ಮಿತ್ಸುಬಿಷಿ ಲ್ಯಾನ್ಸರ್ ಎವಲ್ಯೂಷನ್ (ಎವೊ) ಕೊಳ್ಳುವುದೋ ಸುಬಾರು ಇಂಪ್ರೆಜಾ ಎಸ್‌ಟಿಐ ಕೊಳ್ಳುವುದೋ ಎಂಬುದು. ಅದರ ಬೆನ್ನಿಗೇ ಬರುವ ಎರಡನೆಯ ಪ್ರಶ್ನೆ, ಎರಡರಲ್ಲಿ ಯಾವುದಕ್ಕೆ ಅಶ್ವಶಕ್ತಿ ಜಾಸ್ತಿ ಎಂಬುದು. ರ‍್ಯಾಲಿ ಕಾರುಗಳನ್ನು ಬಿಚ್ಚಿ ಕಟ್ಟುವುದೇ ನನ್ನ ಕಸುಬಾದ್ದರಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಎರಡನೆಯ ಪ್ರಶ್ನೆಯನ್ನು ಕೈಬಿಡದ ಹೊರತು ಮೊದಲನೆಯದಕ್ಕೆ ಸರಿಯಾದ ಉತ್ತರ ಸಿಗುವುದಿಲ್ಲ. ತಿರುವಿಗೆ ಕಾರು ಹೇಗೆ ಇಳಿಯುತ್ತದೆ, ಮತ್ತು ಪೆಟ್ಟು ತಿಂದು ಸ್ಪರ್ಧೆಯ ನಡುವೆ ದುರಸ್ತಿ ನಡೆಯುವ ಸರ್ವಿಸ್ ಪಾರ್ಕಿಗೆ ಬಂದಾಗ ಎಷ್ಟು ಬೇಗ ಎದ್ದು ಹೋಗುತ್ತದೆ, ಇವೆರಡನ್ನು ನೋಡಿ ಆರಿಸಬೇಕು.

ಈ ಎರಡು ಕಾರುಗಳು ಇಷ್ಟೊಂದು ಸಮಸಮವಾಗಿ ಬೆಳೆದದ್ದು ಆಕಸ್ಮಿಕವಲ್ಲ. 1986ರ ಅಪಘಾತಗಳ ನಂತರ ಗ್ರೂಪ್ ಬಿ ಎಂಬ ಅತಿವೇಗದ ವಿಭಾಗದ ಕಾರುಗಳನ್ನು ವಿಶ್ವ ರ‍್ಯಾಲಿಯಿಂದ ತೆಗೆದುಹಾಕಿದಾಗ ಉಳಿದುಕೊಂಡ ಗ್ರೂಪ್ ಎ ನಿಯಮದ ಪ್ರಕಾರ, ಸ್ಪರ್ಧೆಗೆ ಇಳಿಸುವ ಕಾರನ್ನು ಸಾವಿರಗಟ್ಟಲೆ ತಯಾರಿಸಿ ಸಾಮಾನ್ಯ ಗಿರಾಕಿಗಳಿಗೆ ಮಾರಲೇಬೇಕಿತ್ತು. ಲ್ಯಾನ್ಸಿಯಾ ಡೆಲ್ಟಾ 1987ರಿಂದ 1992ರವರೆಗೆ ಸತತ ಆರು ವರ್ಷ ತಯಾರಕರ ಪ್ರಶಸ್ತಿ ಗೆದ್ದದ್ದು ಈ ನಿಯಮದಡಿಯಲ್ಲೇ. ಅದೇ 1992ರಲ್ಲಿ ಮಿತ್ಸುಬಿಷಿಯ ಮೊದಲ ಎವೊ ಮತ್ತು ಸುಬಾರುವಿನ ಮೊದಲ ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್ ಹೊರಬಂದವು. ಕಾಲಿನ್ ಮೆಕ್‌ರೇ 1995ರಲ್ಲಿ ಸುಬಾರುವಿನಲ್ಲಿ ವಿಶ್ವ ಚಾಂಪಿಯನ್ ಆದರೆ, ಟೊಮಿ ಮಾಕಿನೆನ್ 1996ರಿಂದ 1999ರವರೆಗೆ ನಾಲ್ಕು ವರ್ಷ ಮಿತ್ಸುಬಿಷಿಯಲ್ಲಿ ಗೆದ್ದರು. ನಮ್ಮ ಏಷ್ಯಾದ ಕಡೆ ನೋಡಿದರೂ ಅಷ್ಟೇ: ಕೋಡಿ ಕ್ರಾಕರ್ 2006ರಿಂದ 2009ರವರೆಗೆ ಏಷ್ಯಾ–ಪೆಸಿಫಿಕ್ ಪ್ರಶಸ್ತಿಯನ್ನು ಸುಬಾರುವಿನಲ್ಲಿ ಗೆದ್ದರು, ಮಲೇಷ್ಯಾದ ಕರಮ್‌ಜಿತ್ ಸಿಂಗ್ 2002ರಲ್ಲಿ ಪ್ರೊಡಕ್ಷನ್ ವಿಭಾಗದ ವಿಶ್ವ ಪ್ರಶಸ್ತಿಯನ್ನು ಪ್ರೋಟಾನ್ ಪರ್ಟ್‌ನಲ್ಲಿ ಗೆದ್ದರು, ಆ ಪರ್ಟ್‌ನ ಬಾನೆಟ್ ಎತ್ತಿದರೆ ಕಾಣುವುದು ಎವೊ. ಗೆಲುವಿನ ಪಟ್ಟಿ ಹಿಡಿದು ಕಾರು ಆರಿಸಲು ಹೊರಟವರಿಗೆ ತೀರ್ಪು ಸಿಗುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಅಶ್ವಶಕ್ತಿಯ ಮಾತನ್ನು ಏಕೆ ಬದಿಗಿಡಬೇಕೆಂದರೆ, ಅದನ್ನು ನಿರ್ಧರಿಸುವುದು ಎಂಜಿನ್ ಅಲ್ಲ, ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊದ ಬಾಯಿಗೆ ಸಿಕ್ಕಿಸುವ, ಗಾಳಿಯ ದಾರಿಯನ್ನು ಕಿರಿದಾಗಿಸುವ ರಿಸ್ಟ್ರಿಕ್ಟರ್. ಷೋರೂಮಿನ ಕಾರಿಗೆ ಹತ್ತಿರವಿರುವ ಗ್ರೂಪ್ ಎನ್ ವಿಭಾಗದ ಕಾರುಗಳಿಗೆ ಇದರ ಒಳವ್ಯಾಸ ಬಹುಕಾಲ 32 ಮಿಲಿಮೀಟರ್ ಇತ್ತು. ಆ ಕಿರಿದಾದ ಕಂಠದಲ್ಲಿ ಗಾಳಿಯ ವೇಗ ಶಬ್ದದ ವೇಗವನ್ನು ಮುಟ್ಟಿದ ಮೇಲೆ ಟರ್ಬೊ ಎಷ್ಟೇ ಎಳೆದರೂ ಹೆಚ್ಚಿನ ಗಾಳಿ ಒಳಗೆ ಹೋಗುವುದಿಲ್ಲ. ಗಾಳಿಗೆ ಮಿತಿ ಬಿದ್ದರೆ ಇಂಧನಕ್ಕೂ ಮಿತಿ ಬಿದ್ದಂತೆಯೇ, ಆದ್ದರಿಂದ ಎವೊ ಆಗಲಿ ಸುಬಾರು ಆಗಲಿ 300 ಅಶ್ವಶಕ್ತಿಯ ಆಸುಪಾಸಿನಲ್ಲಿ ಬಂದು ನಿಲ್ಲುತ್ತವೆ. 1995ರಲ್ಲಿ ಟೊಯೊಟಾ ತಂಡ ಈ ರಿಸ್ಟ್ರಿಕ್ಟರನ್ನೇ ಕಳ್ಳದಾರಿಯಲ್ಲಿ ದಾಟಿ ಗಾಳಿ ಒಳಬಿಡುವ ಚತುರ ಏರ್ಪಾಟು ಮಾಡಿ, ಸಿಕ್ಕಿಬಿದ್ದು, ಹನ್ನೆರಡು ತಿಂಗಳು ನಿಷೇಧಕ್ಕೆ ಒಳಗಾಯಿತು. ಆ ಪುಟ್ಟ ರಂಧ್ರದ ಬೆಲೆ ಎಷ್ಟೆಂದು ಇದರಿಂದಲೇ ತಿಳಿಯಬಹುದು.

ನಮ್ಮ ಕಡೆಯವರು ಮರೆಯುವ ಇನ್ನೊಂದು ಸಂಗತಿ ಇದೆ. ರಿಸ್ಟ್ರಿಕ್ಟರ್ ಇಲ್ಲದ ಟರ್ಬೊ ಕಾರು ಎತ್ತರದ ಊರಿನಲ್ಲಿ ಇನ್ನಷ್ಟು ಜೋರಾಗಿ ತಿರುಗಿ ಗಾಳಿಯ ಕೊರತೆಯನ್ನು ಬಹುಪಾಲು ತುಂಬಿಕೊಳ್ಳುತ್ತದೆ, ಆದರೆ ರಿಸ್ಟ್ರಿಕ್ಟರ್ ಇರುವ ಕಾರಿಗೆ ಆ ದಾರಿಯೂ ಮುಚ್ಚಿರುತ್ತದೆ, ಏಕೆಂದರೆ ಕಂಠದಲ್ಲಿ ಹಾದುಹೋಗುವ ಗಾಳಿಯ ತೂಕ ಹೊರಗಿನ ವಾಯುಒತ್ತಡಕ್ಕೆ ನೇರವಾಗಿ ಕಟ್ಟುಬಿದ್ದಿರುತ್ತದೆ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಮೇಲಿದೆ. ಅಲ್ಲಿನ ಕಾಫಿ ತೋಟದ ಸ್ಟೇಜುಗಳಲ್ಲಿ, ಅಂದರೆ ಗಡಿಯಾರ ಹಿಡಿದು ಓಡಿಸುವ ರಸ್ತೆಗಳಲ್ಲಿ, ಗರಿಷ್ಠ ಶಕ್ತಿ ಚೆನ್ನೈನಲ್ಲಿ ಸಿಗುವುದಕ್ಕಿಂತ ಶೇಕಡ ಹತ್ತಕ್ಕೂ ಹೆಚ್ಚು ಕಡಿಮೆಯಾಗುತ್ತದೆ. ಮೈಸೂರಿನ ಎತ್ತರದಲ್ಲೂ ಶೇಕಡ ಎಂಟರಷ್ಟಾದರೂ ಹೋಗುತ್ತದೆ. ಹಾಗಾಗಿ ಯಾರೋ ಸಮುದ್ರತೀರದ ಊರಿನಲ್ಲಿ ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ತೆಗೆಸಿದ ಕಾಗದವನ್ನು ತೋರಿಸಿ ಬೆಲೆ ಹೇಳಿದರೆ, ಆ ಕಾಗದವನ್ನು ಮಡಚಿ ವಾಪಸು ಕೊಡುವುದೇ ಸರಿ.

ಗರಿಷ್ಠ ಶಕ್ತಿ ಸಮವಾದ ಮೇಲೆ ಉಳಿಯುವ ವ್ಯತ್ಯಾಸವೆಂದರೆ ಕೆಳಗಿನ ಆರ್‌ಪಿಎಮ್‌ನಲ್ಲಿ ಸಿಗುವ ಟಾರ್ಕ್, ಅಂದರೆ ತಿರುಗಿಸುವ ಬಲ. ಇಲ್ಲಿ ಎವೊ ಒಂದು ಹೆಜ್ಜೆ ಮುಂದಿದೆ ಎಂಬುದು ನನ್ನ ಅನುಭವ, ಅದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಒಂಬತ್ತನೆಯ ಎವೊವರೆಗೆ ಬಂದ 4ಜಿ63 ಎಂಜಿನ್ನಿನ ಬೋರ್ (ಸಿಲಿಂಡರಿನ ವ್ಯಾಸ) 85 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 88. ಸುಬಾರುವಿನ ಇಜೆ20ರಲ್ಲಿ ಬೋರ್ 92, ಸ್ಟ್ರೋಕ್ ಕೇವಲ 75. ಮೇಲಿನ ಆರ್‌ಪಿಎಮ್‌ನಲ್ಲಿ ಹಾಡುವುದಕ್ಕೆ ಹೇಳಿಮಾಡಿಸಿದ ಎಂಜಿನ್ನು ಅದು. ರಿಸ್ಟ್ರಿಕ್ಟರ್ ಹಾಕಿದ ಮೇಲೆ ಅಷ್ಟು ಮೇಲಕ್ಕೆ ಹೋಗುವ ಪ್ರಯೋಜನವೇ ಉಳಿಯುವುದಿಲ್ಲ. ಜೊತೆಗೆ, ಸುಬಾರುವಿನ ಬಾಕ್ಸರ್ ಎಂಜಿನ್ನಿನಲ್ಲಿ ಸಿಲಿಂಡರುಗಳು ಎಡಕ್ಕೆರಡು ಬಲಕ್ಕೆರಡು ಮಲಗಿರುವುದರಿಂದ ಎರಡೂ ಬದಿಯ ಎಕ್ಸಾಸ್ಟ್ ಕೊಳವೆಗಳು ಎಂಜಿನ್ನಿನ ಅಡಿಯಿಂದ ಸುತ್ತಿಬಂದು ಒಂದೇ ಟರ್ಬೊಗೆ ಸೇರಬೇಕು. ಆ ದೂರದಲ್ಲಿ ಬಿಸಿ ಸೋರಿಹೋಗುತ್ತದೆ, ಟರ್ಬೊ ಏಳುವುದು ತುಸು ತಡವಾಗುತ್ತದೆ. ಆದರೆ ಮಲಗಿದ ಎಂಜಿನ್ನಿನಿಂದ ಭಾರ ನೆಲಕ್ಕೆ ಹತ್ತಿರವಾಗುವ ಲಾಭ ಸುಬಾರುವಿಗಿದೆ. ಸಾಲುಸಾಲು ತಿರುವುಗಳಲ್ಲಿ ಎಡದಿಂದ ಬಲಕ್ಕೆ ಹೊರಳುವಾಗ ಆ ಕಾರು ತೋರುವ ನೆಮ್ಮದಿ ಎವೊದಲ್ಲಿ ಸಿಗುವುದಿಲ್ಲ.

ಇನ್ನು ಡಿಫರೆನ್ಶಿಯಲ್ಲುಗಳ, ಅಂದರೆ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗುವಂತೆ ಶಕ್ತಿಯನ್ನು ಹಂಚುವ ಗೇರುಜೋಡಣೆಗಳ ವಿಚಾರ. ನನ್ನನ್ನು ಕೇಳಿದರೆ ಆಯ್ಕೆ ತೀರ್ಮಾನವಾಗುವುದು ಇಲ್ಲೇ. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಕಾರು ಬ್ರೇಕ್ ಹಿಡಿದು ತಿರುವಿಗೆ ಇಳಿಯುವಾಗ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಯಸುತ್ತವೆ. ನಡುವಿನ ಡಿಫರೆನ್ಶಿಯಲ್ ಬಿಗಿಯಾಗಿದ್ದರೆ ಕಾರು ಮೂತಿಯನ್ನು ತಿರುಗಿಸಲು ಒಪ್ಪದೆ ನೇರ ಪೊದೆಯ ಕಡೆಗೆ ನಡೆಯುತ್ತದೆ, ಸಡಿಲವಾಗಿದ್ದರೆ ತಿರುವಿನಿಂದ ಹೊರಬರುವಾಗ ಶಕ್ತಿಯೆಲ್ಲ ಜಾರುವ ಚಕ್ರದಲ್ಲಿ ಪೋಲಾಗುತ್ತದೆ. 2001ರ ಏಳನೆಯ ಎವೊದಿಂದ ಬಂದ ಎಸಿಡಿ ವ್ಯವಸ್ಥೆ ಈ ಬಿಗಿಯನ್ನು ಹೈಡ್ರಾಲಿಕ್ ಒತ್ತಡದಿಂದ ತಾನೇ ಬದಲಿಸುತ್ತದೆ. ಟಾರ್, ಜಲ್ಲಿ, ಹಿಮ ಎಂಬ ಮೂರು ಆಯ್ಕೆಗಳಿರುತ್ತವೆ, ಹ್ಯಾಂಡ್‌ಬ್ರೇಕ್ ಎಳೆದ ಕೂಡಲೇ ತಾನಾಗಿ ಬಿಟ್ಟುಕೊಡುತ್ತದೆ. ಮೂಲ ಹಂಚಿಕೆ ಮುಂದಕ್ಕೂ ಹಿಂದಕ್ಕೂ ಸಮ. ಸುಬಾರುವಿನ ಡಿಸಿಸಿಡಿಯಲ್ಲಿ ಚಾಲಕನೇ ಒಂದು ಪುಟ್ಟ ಚಕ್ರ ತಿರುಗಿಸಿ ಬಿಗಿಯನ್ನು ಗೊತ್ತುಮಾಡಬಹುದು, ಮೂಲ ಹಂಚಿಕೆಯೂ ಹಿಂದಿನ ಚಕ್ರಗಳ ಕಡೆಗೆ ವಾಲಿರುತ್ತದೆ. ಬ್ರೇಕ್ ಬಿಟ್ಟು, ಸ್ಟೀರಿಂಗ್ ಕೊಟ್ಟು, ಬೇಗ ಆಕ್ಸಿಲರೇಟರ್ ತುಳಿಯುವ ಅಭ್ಯಾಸವಿದ್ದವರಿಗೆ ಎವೊ ಕೂಡಲೇ ಒಗ್ಗುತ್ತದೆ. ಎಡಗಾಲಿನಲ್ಲಿ ಬ್ರೇಕ್ ಹಿಡಿದೇ ಹಿಂಭಾಗವನ್ನು ಜಾರಿಸಿ, ಮೊದಲೇ ಕಾರನ್ನು ಅಡ್ಡಹಾಕಿ ತಿರುವಿಗೆ ಇಳಿಯುವವರು ಸುಬಾರುವಿನಿಂದ ಹೆಚ್ಚು ಪಡೆಯುತ್ತಾರೆ. ಮುಂಚಕ್ರದ ಕಾರಿನಲ್ಲಿ ಕಲಿತು ಬರುವ ನಮ್ಮ ಹುಡುಗರಲ್ಲಿ ಮೊದಲ ಬಗೆಯವರೇ ಹೆಚ್ಚು.

ನೆಲದ ಗುಣವನ್ನೂ ಇದರ ಜೊತೆಗೆ ಸೇರಿಸಿ ನೋಡಬೇಕು. ಎಚ್.ಡಿ. ಕೋಟೆ, ಹುಣಸೂರು ಕಡೆಯ ಕೆಂಪು ನೆಲದಲ್ಲಿ ಅಡಿ ಗಟ್ಟಿಯಾಗಿದ್ದು ಮೇಲೆ ಸಣ್ಣ ಕಲ್ಲು ಹರಡಿರುತ್ತದೆ. ಅಲ್ಲಿ ಬಿಗಿಯಾದ ಡಿಫರೆನ್ಶಿಯಲ್ ಕಾರನ್ನು ತಿರುಗಲು ಬಿಡುವುದಿಲ್ಲ. ಮಳೆ ಬಿದ್ದ ಕೊಡಗಿನ ಜೇಡಿಮಣ್ಣಿನಲ್ಲಿ ಅದೇ ಬಿಗಿಯೇ ಕಾರನ್ನು ಏರು ಹತ್ತಿಸುತ್ತದೆ. ಅಂದಹಾಗೆ, ಇಂಥ ಪರೀಕ್ಷೆಗಳನ್ನು ಮಾಡಬೇಕಾದದ್ದು ಪರಿಚಯದವರ ತೋಟದ ಒಳರಸ್ತೆಯಲ್ಲಿ, ಅನುಮತಿ ಪಡೆದು. ಚಾಮುಂಡಿ ಬೆಟ್ಟದ ರಸ್ತೆಯಲ್ಲಲ್ಲ.

ಹಳೆಯ ಕಾರನ್ನು ನೋಡಲು ಹೋದಾಗ ಬಾನೆಟ್ ತೆರೆಯುವ ಮೊದಲು ನಾನು ಕೆಳಗೆ ಹೋಗುತ್ತೇನೆ. ಎವೊದಲ್ಲಿ ಗೇರ್‌ಬಾಕ್ಸಿಗೆ ಅಂಟಿಕೊಂಡು ಹಿಂಚಕ್ರಗಳಿಗೆ ಶಕ್ತಿ ಕಳಿಸುವ ಟ್ರಾನ್ಸ್‌ಫರ್ ಕೇಸಿನ ಡ್ರೇನ್ ಪ್ಲಗ್ಗನ್ನು ಬಿಚ್ಚಿ, ಅದರ ಅಯಸ್ಕಾಂತದ ತುದಿಯನ್ನು ಹೆಬ್ಬೆರಳಿನಿಂದ ಒರೆಸಿ ನೋಡಬೇಕು. ಬೂದುಬಣ್ಣದ ನುಣ್ಣನೆಯ ಪೇಸ್ಟ್ ಅಂಟಿದ್ದರೆ ಅದು ಸಹಜವಾದ ಸವೆತ. ಉಗುರಿಗೆ ತಗಲುವ ಚೂರು ಅಥವಾ ಸೂಜಿಯಂಥ ಎಳೆ ಸಿಕ್ಕಿದರೆ ಹಲ್ಲು ಉದುರಲು ಆರಂಭವಾಗಿದೆ ಎಂದೇ ಅರ್ಥ. ಆಮೇಲೆ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ಉಳಿದ ಚಕ್ರಗಳಿಗೆ ಅಡ್ಡ ಕೊಟ್ಟು, ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕಿನಲ್ಲಿ ಎತ್ತಿ, ಟಾರ್ಕ್ ರೆಂಚ್ ಹಾಕಿ ತಿರುಗಿಸಬೇಕು. ಚಕ್ರ ಹಟ ಬಿಟ್ಟು ಅಲುಗಿದ ಕ್ಷಣದ ಅಳತೆಯನ್ನು ಡಿಫರೆನ್ಶಿಯಲ್ ಕಟ್ಟಿದಾಗ ಬರೆದಿಟ್ಟ ಅಳತೆಯೊಂದಿಗೆ ಹೋಲಿಸಿದರೆ ಒಳಗಿನ ಪ್ಲೇಟುಗಳ ಆಯಸ್ಸು ತಿಳಿಯುತ್ತದೆ. ಬರಿಗೈಯಲ್ಲೇ ಸಲೀಸಾಗಿ ತಿರುಗಿತೆಂದರೆ ಪ್ಲೇಟುಗಳು ಮುಗಿದಿವೆ. ಬರೆದಿಟ್ಟ ಅಳತೆಯೇ ಇಲ್ಲವೆಂದು ಮಾರುವವರು ಹೇಳಿದರೆ, ಆ ಕಾರನ್ನು ಯಾರು ಹೇಗೆ ನೋಡಿಕೊಂಡಿದ್ದಾರೆಂಬುದೂ ಅದರಿಂದಲೇ ಗೊತ್ತಾಗುತ್ತದೆ. ಕೊನೆಗೆ ದರ್ಜಿಯ ಟೇಪಿನಿಂದ ನಾಲ್ಕೂ ಟೈರುಗಳ ಸುತ್ತಳತೆಯನ್ನು ನೋಡುತ್ತೇನೆ. ಎರಡು ಹೊಸದು, ಎರಡು ಸವೆದದ್ದು ಹಾಕಿಕೊಂಡು ಓಡಿಸಿದ ಕಾರಿನಲ್ಲಿ ನಡುವಿನ ಡಿಫರೆನ್ಶಿಯಲ್ ನೇರ ರಸ್ತೆಯಲ್ಲೂ ಬಿಡುವಿಲ್ಲದೆ ಉಜ್ಜಿಕೊಂಡು ಬೆಂದಿರುತ್ತದೆ.

ಸುಬಾರುವಿನಲ್ಲಿ ನನ್ನ ಮೊದಲ ಸಂಶಯ ಎಂಜಿನ್ನಿನ ಮೇಲೆ. ದೀರ್ಘವಾದ ತಿರುವುಗಳಲ್ಲಿ ಎಣ್ಣೆ ಮಲಗಿದ ಹೆಡ್ಡುಗಳಲ್ಲಿ ನಿಂತು, ಕೆಳಗಿನ ಎಣ್ಣೆ ತೊಟ್ಟಿಯಾದ ಸಂಪಿನಲ್ಲಿ ಕಡಿಮೆಯಾಗಿ, ಬೇರಿಂಗ್ ಹೋಗುವುದುಂಟು. ಎಣ್ಣೆ ಎಳೆಯುವ ಪಿಕಪ್ ಕೊಳವೆ ಬಿರುಕು ಬಿಡುವುದೂ ಉಂಟು. 2.5 ಲೀಟರಿನ ಇಜೆ25ರಲ್ಲಿ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಒಡೆಯುವುದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ಲೀಕ್‌ಡೌನ್ ಪರೀಕ್ಷೆ (ಸಿಲಿಂಡರಿನಿಂದ ಗಾಳಿ ಎಷ್ಟು ಸೋರುತ್ತದೆಂಬ ಪರೀಕ್ಷೆ) ಮಾಡದೆ ಸುಬಾರುವಿಗೆ ಮುಂಗಡ ಕೊಡಬೇಡಿ. ಎಸ್‌ಟಿಐನ ಆರು ಗೇರಿನ ಪೆಟ್ಟಿಗೆ ಮಾತ್ರ ಬಲು ಗಟ್ಟಿ, ಡಬ್ಲ್ಯುಆರ್‌ಎಕ್ಸ್‌ನ ಐದು ಗೇರಿನದು ಅದರ ಹತ್ತಿರಕ್ಕೂ ಬರುವುದಿಲ್ಲ. ಎವೊದಲ್ಲಿ ಇದು ತಿರುಗುಮುರುಗು: ಒಂಬತ್ತನೆಯ ಎವೊದಲ್ಲಿ ಆರು ಗೇರಿನ ಜಿಎಸ್‌ಆರ್‌ಗಿಂತ ಐದು ಗೇರಿನ ಆರ್‌ಎಸ್ ಮಾದರಿ ಹೆಚ್ಚು ತಾಳುತ್ತದೆ, ಅದರಲ್ಲಿ ಹಿಂದಿನ ಎಲೆಕ್ಟ್ರಾನಿಕ್ ಡಿಫರೆನ್ಶಿಯಲ್ಲಿನ ತಲೆನೋವೂ ಇರುವುದಿಲ್ಲ.

ಸರ್ವಿಸ್ ಪಾರ್ಕಿನ ಲೆಕ್ಕ ಬೇರೆ. ಇಪ್ಪತ್ತು ಮೂವತ್ತು ನಿಮಿಷದೊಳಗೆ ಕಾರು ಹೊರಡಬೇಕಾದಲ್ಲಿ ಯಾವ ಭಾಗ ಎಲ್ಲಿದೆ ಎಂಬುದೇ ಮುಖ್ಯವಾಗುತ್ತದೆ. ಸುಬಾರುವಿನ ಎಂಜಿನ್ನನ್ನು ನೇರವಾಗಿ ಮೇಲಕ್ಕೆ ಎತ್ತಿ ತೆಗೆಯಬಹುದು, ಗೇರ್‌ಬಾಕ್ಸ್ ಉದ್ದಕ್ಕೆ ಹಿಂದೆ ಕೂತಿರುತ್ತದೆ. ಆದರೆ ಸ್ಪಾರ್ಕ್ ಪ್ಲಗ್ ಬದಲಿಸಲು ಚಾಸಿಯ ಪಕ್ಕದಲ್ಲಿ ಕೈ ತೂರಿಸಬೇಕು. ಎವೊದಲ್ಲಿ ಪ್ಲಗ್ ಬದಲಿಸುವುದು ಮಕ್ಕಳಾಟ, ಕ್ಲಚ್ ಬದಲಿಸಬೇಕಾದರೆ ಟ್ರಾನ್ಸ್‌ಫರ್ ಕೇಸನ್ನು ಮೊದಲು ಇಳಿಸಲೇಬೇಕು. ಮೈಸೂರಿನ ಮೆಕ್ಯಾನಿಕ್‌ಗಳ ಕೈ ಎವೊಗೆ ಬೇಗ ಹೊಂದುತ್ತದೆ, ಏಕೆಂದರೆ 1998ರಿಂದ ಸಾಮಾನ್ಯ ಲ್ಯಾನ್ಸರುಗಳನ್ನು ಅವರು ಬಿಚ್ಚಿ ಬಲ್ಲರು. ಸುಬಾರು ಎಂಬ ಹೆಸರಿನಲ್ಲಿ ಕಾರು ನಮ್ಮಲ್ಲಿ ಮಾರಾಟವಾಗಲೇ ಇಲ್ಲ. ಷೆವರ್ಲೆ ಫಾರೆಸ್ಟರ್ ಎಂಬ ಹೆಸರಿನಲ್ಲಿ ಬಂದ ಕೆಲವನ್ನು ಬಿಟ್ಟರೆ ಬಾಕ್ಸರ್ ಎಂಜಿನ್ನನ್ನು ಮುಟ್ಟಿದವರೇ ವಿರಳ.

ಪೆಟ್ರೋಲಿನ ಬಗ್ಗೆ ಎರಡು ಮಾತು. ಜಪಾನಿನ ಮಾರುಕಟ್ಟೆಗೆಂದು ತಯಾರಾದ ಈ ಎಂಜಿನ್ನುಗಳ ಮ್ಯಾಪ್ (ಇಂಧನ, ಕಿಡಿಗಳನ್ನು ಗೊತ್ತುಮಾಡುವ ಎಲೆಕ್ಟ್ರಾನಿಕ್ ಲೆಕ್ಕ) ಸುಮಾರು 100 ಆಕ್ಟೇನಿನ ಪೆಟ್ರೋಲನ್ನು ನಂಬಿಕೊಂಡದ್ದು. ಶೇಕಡ 20 ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಗಾಳಿ–ಇಂಧನದ ಪ್ರಮಾಣ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ, ಅಂದರೆ ಇಂಜೆಕ್ಟರು ಶೇಕಡ ಎಂಟೊಂಬತ್ತರಷ್ಟು ಹೆಚ್ಚು ಸುರಿಯಬೇಕು. ಹಳೆಯ ಮ್ಯಾಪಿನಲ್ಲೇ ಪೂರ್ತಿ ಬೂಸ್ಟ್ ಕೊಟ್ಟರೆ ಮಿಶ್ರಣ ತೆಳುವಾಗಿ ಪಿಸ್ಟನ್ ಸುಡುತ್ತದೆ. ಹಳೆಯ ರಬ್ಬರ್ ಹೋಸುಗಳನ್ನೂ ಬದಲಿಸಬೇಕು.

ಕಾಗದಪತ್ರದ ವಿಷಯದಲ್ಲಿ ಕನಸು ಕಾಣುವಂತಿಲ್ಲ. ಬಳಸಿದ ಕಾರನ್ನು ಭಾರತಕ್ಕೆ ತರಬೇಕಾದರೆ ಅದು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಬಲಗೈ ಸ್ಟೀರಿಂಗ್ ಇರಬೇಕು. ಎವೊ ತಯಾರಿಕೆ 2016ರಲ್ಲೂ ಎಸ್‌ಟಿಐ 2021ರಲ್ಲೂ ನಿಂತುಹೋದ್ದರಿಂದ, ಜಪಾನಿನ ಹರಾಜಿನಲ್ಲಿ ಅಗ್ಗವಾಗಿ ಕಾಣುವ ಕಾರುಗಳು ನಮಗೆ ದಕ್ಕುವುದಿಲ್ಲ. ಈಗಾಗಲೇ ದೇಶದೊಳಗಿರುವ ಕಾರುಗಳಲ್ಲೇ ಆರಿಸಬೇಕು. ಚಾಸಿ ನಂಬರು ಪತ್ರದೊಂದಿಗೆ ತಾಳೆಯಾಗುತ್ತದೆಯೇ, ಕಾರು ಉರುಳಿದಾಗ ಕಾಯುವ ರೋಲ್ ಕೇಜಿಗೆ ಪ್ರಮಾಣಪತ್ರ ಇದೆಯೇ, ನೀವು ಸ್ಪರ್ಧಿಸಬೇಕೆಂದಿರುವ ವಿಭಾಗದಲ್ಲಿ ಆ ಕಾರಿಗೆ ಈ ವರ್ಷ ಪ್ರವೇಶವಿದೆಯೇ ಎಂಬುದನ್ನು ಮೋಟಾರು ಕ್ರೀಡಾ ಒಕ್ಕೂಟದ ನಿಯಮಪುಸ್ತಕದಲ್ಲಿ ನೋಡಿಕೊಂಡ ಮೇಲೆ ಬೆಲೆಯ ಮಾತು. ಸೀಟು, ಬೆಲ್ಟುಗಳಿಗೂ ಮುಗಿಯುವ ದಿನಾಂಕವಿರುತ್ತದೆ. ಸ್ಪರ್ಧೆಗೆ ಮುನ್ನ ನಡೆಯುವ ತಪಾಸಣೆಯಾದ ಸ್ಕ್ರುಟಿನಿಯಲ್ಲಿ ಅವನ್ನು ಮೊದಲು ಓದುತ್ತಾರೆ.

ಈ ಎಲ್ಲದರ ಮೇಲೆ ನನ್ನ ತೀರ್ಪು ಹೀಗಿದೆ. ದೇಶದೊಳಗೆ ಒಳ್ಳೆಯ ದಾಖಲೆಯಿರುವ ಏಳರಿಂದ ಒಂಬತ್ತನೆಯ ಎವೊ ಆರ್‌ಎಸ್ ಸಿಕ್ಕಿದರೆ, ಸ್ವಂತ ಹಣದಲ್ಲಿ ಓಡಿಸುವವರು ಅದನ್ನೇ ಕೊಳ್ಳಲಿ, ಒಂದು ಹೆಚ್ಚುವರಿ ಟ್ರಾನ್ಸ್‌ಫರ್ ಕೇಸಿನ ಹಣವನ್ನು ಮೊದಲೇ ತೆಗೆದಿಡಲಿ. ಸುಬಾರುವಿನ ಎಂಜಿನ್ ಕಟ್ಟಬಲ್ಲವರು ತಂಡದಲ್ಲಿದ್ದರೆ ಮಾತ್ರ ಎಸ್‌ಟಿಐ. ಮಂಡ್ಯದ ಕಬ್ಬಿನ ಬೆಳೆಗಾರರ ಮಗನೊಬ್ಬ ಈಚೆಗೆ, “ಎರಡೂ ಬ್ಯಾಡ ಅಂದ್ರೆ ಯಾವ್ದು ಸಾ?” ಎಂದು ಕೇಳಿದ. ಬಹುಶಃ ಅದೇ ಸರಿಯಾದ ಪ್ರಶ್ನೆ. ಟೊಯೊಟಾ ಜಿಆರ್ ಯಾರಿಸ್ ಚೆಂದದ ಕಾರು, ಆದರೆ ಇಲ್ಲಿ ಅಧಿಕೃತ ಮಾರಾಟವಿಲ್ಲ. ಫೋರ್ಡ್ ಫಿಯೆಸ್ಟಾ ರ‍್ಯಾಲಿ3ಯಂಥ ಹೊಸ ಕಾರುಗಳು 1.5 ಲೀಟರಿನ ಮೂರು ಸಿಲಿಂಡರ್ ಟರ್ಬೊದಿಂದ ಸುಮಾರು 215 ಅಶ್ವಶಕ್ತಿ ಕೊಡುತ್ತವೆ, ಮತ್ತು ಅವುಗಳಲ್ಲಿ ನಡುವಿನ ಡಿಫರೆನ್ಶಿಯಲ್ಲೇ ಇಲ್ಲ. ಸ್ಕೋಡಾ ಫೇಬಿಯಾದಂಥ ರ‍್ಯಾಲಿ2 ದರ್ಜೆಯ ಕಾರುಗಳಲ್ಲೂ ಇಲ್ಲ. ಭಾರತದ ಗೌರವ್ ಗಿಲ್ 2013, 2016, 2017ರಲ್ಲಿ ಏಷ್ಯಾ–ಪೆಸಿಫಿಕ್ ಪ್ರಶಸ್ತಿ ಗೆದ್ದದ್ದು ಫೇಬಿಯಾದಲ್ಲೇ. ಅಂಥದೊಂದು ಕಾರು ಒಂದು ರ‍್ಯಾಲಿಯ ಮಟ್ಟಿಗೆ ಬಾಡಿಗೆಗೆ ಸಿಗುವಂತಿದ್ದರೆ, ಎವೊಗೆಂದು ಕೂಡಿಟ್ಟ ಹಣದಲ್ಲಿ ಒಂದು ಪಾಲನ್ನು ಅದಕ್ಕೆ ಕೊಟ್ಟು ಓಡಿಸಿ ನೋಡು, ಆಮೇಲೆ ಬಾ ಎಂದು ಆತನಿಗೆ ಹೇಳಿದ್ದೇನೆ.